ಎರಡು ಗಂಟೆಯ ಸರದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ರೈಸ್ತರ ಮನೆಯಲ್ಲಿ ಹುಟ್ಟಿ, ಕ್ರೈಸ್ತರ ಮನೆಗೇ ಸೊಸೆಯಾಗಿ ಬಂದು, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದವಳು ನಾನು. ಆದರೂ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ನಮ್ಮಲ್ಲಿ ಆರಾಧನೆಯ ನಡುವೆ ಯಾರಾದರೂ ಎದ್ದು ನಿಂತು, ದೇವರು ತಮ್ಮ ಬಾಳಿನಲ್ಲಿ ಮಾಡಿದ ಉಪಕಾರವನ್ನು ಸಭೆಗೆ ಹೇಳುವುದುಂಟು. ಅದನ್ನೇ ಸಾಕ್ಷಿ ಎನ್ನುತ್ತೇವೆ. ಒಮ್ಮೆ ಕೋಟೆ ಕಡೆಯಿಂದ ಬಂದಿದ್ದ ಒಬ್ಬರು, ತಾವು ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ತಪ್ಪಿಸಿಕೊಂಡು ಕಣ್ಮುಚ್ಚಿ ಪ್ರಾರ್ಥಿಸಿದಾಗ ಹೊರಟುಹೋಗಿದ್ದ ಬಸ್ಸು ರಿವರ್ಸಿನಲ್ಲಿ ವಾಪಸ್ ಬಂತು ಎಂದು ಕಣ್ಣೀರಿಟ್ಟು ಹೇಳಿದರು. ಸಭೆಯೆಲ್ಲ ಹಲ್ಲೆಲೂಯ ಎಂದಿತು. ಡ್ರೈವರ್ ಊಟದ ಡಬ್ಬಿ ಮರೆತಿರಬೇಕು ಎಂದು ನಾನು ಪಕ್ಕದಾಕೆಯ ಕಿವಿಯಲ್ಲಿ ಉಸುರಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಈಗ ನಾನು ಬರೆಯಲು ಹೊರಟಿರುವುದೂ ಅಂಥದ್ದೇ ಒಂದು ಸಂಗತಿ. ನೀವು ನಕ್ಕರೆ ನನಗೆ ಬೇಜಾರಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಗುತ್ತಿದ್ದೆ. ಇಂಥವೆಲ್ಲ ನಡೆಯುವುದು ಅಮಾವಾಸ್ಯೆಯ ರಾತ್ರಿ, ಯಾರೂ ಓಡಾಡದ ದಾರಿಯಲ್ಲಿ ಎಂದು ಕೇಳಿದ್ದೇನೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಎರಡರಿಂದ ಮೂರು ಗಂಟೆಯೊಳಗೆ, ಚರ್ಚಿನೊಳಗೇ. ಅದಾಗಿ ಕೆಲವು ವರ್ಷಗಳಾದವು. ಈಗಲೂ ಗಡಿಯಾರ ಎರಡು ತೋರಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದೆ. ನಮ್ಮವು ಹನ್ನೊಂದು ಮನೆ. ಮಿಕ್ಕವೆಲ್ಲ ಗೌಡರವು, ಲಿಂಗಾಯತರವು. ಸುತ್ತ ಎಲ್ಲಿ ನೋಡಿದರೂ ಹೊಗೆಸೊಪ್ಪು, ಹೊಲದ ಅಂಚಿಗೆ ಕಿಟಕಿಯಿಲ್ಲದ ಎತ್ತರದ ಮನೆಗಳ ಹಾಗೆ ಬ್ಯಾರನ್ನುಗಳು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಉರಿಸಿ, ಆ ಕಾವು ಕಬ್ಬಿಣದ ಕೊಳವೆಗಳಲ್ಲಿ ಒಳಗೆಲ್ಲ ಸುತ್ತುವಂತೆ ಮಾಡಿ, ಆರೇಳು ದಿನ ಹದವಾಗಿ ಬೇಯಿಸಿದರೆ ಸೊಪ್ಪು ಹಳದಿಗೆ ತಿರುಗಿ ಒಣಗುತ್ತದೆ. ನಮ್ಮ ಯಜಮಾನರು ಆ ಬೆಂಕಿ ನೋಡಿಕೊಳ್ಳುವುದರಲ್ಲಿ ಹೆಸರಾದವರು. ನಾನು ಸೊಪ್ಪು ಕಟ್ಟುವ ಹೆಂಗಸರ ಮೇಸ್ತ್ರಿ. ಹಸಿ ಸೊಪ್ಪಿನದೊಂದು ಅಂಟು ಇದೆ. ಮೊದಲು ಕೈಗೆ ಜಿಗಟಾಗಿ ಹತ್ತಿ, ಆಮೇಲೆ ಕರ್ರಗಾಗಿ ಕೂರುತ್ತದೆ. ಸೋಪು ಹಾಕಿ ಉಜ್ಜಿದರೂ ಬಿಡುವುದಿಲ್ಲ. ಕೈ, ಕುಪ್ಪಸ, ಸೆರಗು ಎಲ್ಲ ಅದೇ. ಸೊಪ್ಪಿನ ಕಾಲದ ಮೂರು ತಿಂಗಳು ನಮ್ಮ ಮಕ್ಕಳು ಕೂಡ ನಮ್ಮನ್ನು ತಬ್ಬಿಕೊಳ್ಳುವುದಿಲ್ಲ.

ಆಗೆಲ್ಲ ಪ್ರಾರ್ಥನೆ ಎಂದರೆ ನನಗೆ ರಾತ್ರಿಯ ಪಾತ್ರೆ ತೊಳೆದಿಟ್ಟ ಹಾಗೆ. ತೊಳೆಯದೆ ಮಲಗಿದರೆ ಮನಸ್ಸಿಗೆ ಕಿರಿಕಿರಿ, ತೊಳೆದರೆ ಮುಗಿಯಿತು. ಯಾರಾದರೂ ಕೇಳುತ್ತಿದ್ದಾರೆ ಎಂದು ಅಂದುಕೊಂಡು ನಾನು ಮಾತಾಡಿದ್ದೇ ಇಲ್ಲ.

ಸಭೆಯಲ್ಲಿ ಯಾರಿಗಾದರೂ ದೊಡ್ಡ ಕಷ್ಟ ಬಂದರೆ ನಾವು ಸರಪಳಿ ಪ್ರಾರ್ಥನೆ ಇಡುತ್ತೇವೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಸರದಿ. ಚರ್ಚಿನ ಮುಂಭಾಗದಲ್ಲಿ ಒಂದು ಚಾಪೆ ಹಾಸಿರುತ್ತದೆ. ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ, ಹೆಂಗಸರಾದರೆ ತಲೆ ತುಂಬ ಸೆರಗು ಹೊದ್ದು, ಮಂಡಿಯೂರಬೇಕು. ಮುಂದಿನವರು ಬಂದು ಭುಜದ ಮೇಲೆ ಕೈ ಇಡುವ ತನಕ ಏಳುವಂತಿಲ್ಲ. ಕೈ ಬಿದ್ದ ಮೇಲೆ ಮಾತಾಡದೆ, ತಿರುಗಿ ನೋಡದೆ ಎದ್ದು ಪಕ್ಕದ ಬಾಗಿಲಿನಿಂದ ಹೊರಟುಹೋಗಬೇಕು. ಮಾತಾಡಲು ಬಿಟ್ಟರೆ ಹೆಂಗಸರು ಅಲ್ಲೇ ಮನೆವಾರ್ತೆ ಶುರು ಮಾಡುತ್ತಾರೆಂದು ಹಿಂದಿದ್ದ ಅಯ್ಯನವರು ಮಾಡಿದ ನಿಯಮ. ಸಭಾಪಾಲಕರನ್ನು ನಾವು ಅಯ್ಯನವರು ಎಂದು ಕರೆಯುತ್ತೇವೆ. ಅವರು ವರ್ಗವಾಗಿ ಹೋದರೂ ನಿಯಮ ಉಳಿಯಿತು.

ಈಗ ಸುಗುಣಳ ವಿಷಯ ಹೇಳಬೇಕು. ಅವಳು ನನ್ನ ಓರಗಿತ್ತಿ, ಯಜಮಾನರ ತಮ್ಮನ ಹೆಂಡತಿ. ತವರು ಮಿರ್ಲೆ ಕಡೆ. ಕಾಲುವೆ ನೀರು, ಭತ್ತ, ಕಬ್ಬು ನೋಡಿ ಬೆಳೆದವಳಿಗೆ ನಮ್ಮ ಹೊಗೆಸೊಪ್ಪಿನ ಘಾಟು ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೂ ಹೊಂದಿಕೊಂಡಿದ್ದೆವು. ನಮ್ಮತ್ತೆ ತೀರಿಕೊಂಡ ಮೂರನೇ ದಿನ, ಮನೆಯಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಅವಳು ನೆಂಟರೆಲ್ಲರ ಎದುರಿಗೆ, "ಅತ್ತೆ ಕೊನೇಲಿ ನೀರು ನೀರು ಅಂತ ಅಕ್ಕನ್ನೇ ಕರೀತಿದ್ರು. ಅಕ್ಕ ಸೊಪ್ಪು ಕಟ್ಟಕ್ಕೆ ಓಗಿದ್ರು. ನಾನು ನೀರು ತರೋ ಒತ್ಗೆ ಎಲ್ಲ ಮುಗ್ದೋಗಿತ್ತು" ಎಂದುಬಿಟ್ಟಳು. ಅವಳು ಕೊಂಕಿನಲ್ಲಿ ಹೇಳಿದಳೋ ಸಂಕಟದಲ್ಲಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ನಿಜವಾಗಿತ್ತು, ನನಗೆ ಉರಿದದ್ದು ಅದಕ್ಕೇ. ಆವತ್ತಿನಿಂದ ಎರಡು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ನಾವು ಮಾತು ಬಿಟ್ಟೆವು. ಭಾನುವಾರ ಚರ್ಚಿನಲ್ಲಿ ಅವಳು ಎಡಗಡೆ ಕೂತರೆ ನಾನು ಬಲಗಡೆ ಕೂರುತ್ತಿದ್ದೆ. ಶತ್ರುವನ್ನು ಕ್ಷಮಿಸುವ ಬಗ್ಗೆ ಅಯ್ಯನವರು ಪ್ರಸಂಗ ಮಾಡಿದಾಗಲೆಲ್ಲ ಇಬ್ಬರೂ ಫ್ಯಾನಿನ ಕಡೆ ನೋಡುತ್ತಿದ್ದೆವು.

ಆ ವರ್ಷ ಸುಗುಣಳಿಗೆ ರಕ್ತಸ್ರಾವ ಶುರುವಾಯಿತು. ತಿಂಗಳುಗಟ್ಟಲೆ ಹೇಳಿಕೊಳ್ಳದೆ ಸಹಿಸಿದ್ದಳಂತೆ. ಒಂದು ದಿನ ನೀರು ಹಿಡಿಯಲು ಹೋದವಳು ನಲ್ಲಿಯ ಹತ್ತಿರವೇ ಕುಸಿದಳು. ಮೈಸೂರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯಬೇಕು, ಮೈಯಲ್ಲಿ ರಕ್ತವೇ ಇಲ್ಲ, ಕಷ್ಟದ ಆಪರೇಷನ್ ಎಂದರು. ಆಪರೇಷನ್ನಿನ ದಿನಕ್ಕೆ ಅಯ್ಯನವರು ಸರಪಳಿ ಪ್ರಾರ್ಥನೆ ಇಟ್ಟರು. ಸರದಿಯ ಪಟ್ಟಿಯನ್ನು ಆ ಭಾನುವಾರ ಓದಿದರು. ಒಂದರಿಂದ ಎರಡು ರೂತಮ್ಮಜ್ಜಿ, ಎರಡರಿಂದ ಮೂರು ನಾನು, ಮೂರರಿಂದ ನಾಲ್ಕು ಸಾಲೋಮನ್ ಮೇಷ್ಟ್ರು. ಅಯ್ಯನವರು ಬೇಕೆಂದೇ ನನ್ನ ಹೆಸರು ಹಾಕಿದ್ದರು ಎಂದು ನನಗೆ ಅನುಮಾನ. ಬೇಡ ಎನ್ನಲು ಬಾಯಿ ಬರಲಿಲ್ಲ. ಸುಗುಣ ಎಡಗಡೆಯ ಸಾಲಿನಲ್ಲಿ ಕೂತು ಕೇಳಿಸಿಕೊಂಡಳು, ನನ್ನ ಕಡೆ ತಿರುಗಲಿಲ್ಲ.

ಆಪರೇಷನ್ ಮಂಗಳವಾರ, ಸೋಮವಾರವೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಯಜಮಾನರು ರಕ್ತ ಕೊಡಲು ತಮ್ಮನ ಜೊತೆ ಬೆಳಿಗ್ಗೆಯೇ ಮೈಸೂರಿಗೆ ಹೋದರು. ನಾವು ಕೆಲಸಕ್ಕೆ ಹೋಗುವ ಚಿಕ್ಕೇಗೌಡರ ಬ್ಯಾರನ್ನಿನಲ್ಲಿ ಆಗ ಸೊಪ್ಪು ಕೊನೆಯ ಹಂತಕ್ಕೆ ಬಂದಿತ್ತು. ಎಲೆಯೆಲ್ಲ ಒಣಗಿ ನಡುವಿನ ನರ ಮಾತ್ರ ಒಣಗುವ ಹೊತ್ತು ಅದು. ಕಾವು ತುಂಬಾ ಜಾಸ್ತಿ ಇರಬೇಕು, ಅಪಾಯವೂ ಆಗಲೇ. ಒಂದು ಒಣ ಎಲೆ ಕಳಚಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಬ್ಯಾರನ್ನೇ ಹೋಗುತ್ತದೆ. ಪ್ರತಿ ವರ್ಷ ನಮ್ಮ ಕಡೆ ಒಂದೆರಡಾದರೂ ಸುಟ್ಟುಹೋಗುತ್ತವೆ. "ಒಂದೂಮುಕ್ಕಾಲಿಗೆ ಪುಟ್ಟಮ್ಮನೋರಿಗೆ ಒಲೆ ಒಪ್ಸಿ ನೀನು ಪ್ರಾರ್ಥ್ನೆಗೆ ಓಗು. ಅವ್ರಿಗೆ ಏಳಿದ್ದೀನಿ" ಎಂದು ಯಜಮಾನರು ಹೋಗುವಾಗ ಎರಡು ಸಲ ಹೇಳಿದರು. ಪುಟ್ಟಮ್ಮನವರು ಗೌಡರ ಮನೆಯಾಕೆ. ಬ್ಯಾರನ್ನಿನ ಕೆಲಸದಲ್ಲಿ ಗಂಡಸರಿಗಿಂತ ಒಂದು ಕೈ ಮೇಲು.

ಒಂದೂಕಾಲರ ಸುಮಾರಿಗೆ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಕಿಂಡಿಯಲ್ಲಿ ಬಗ್ಗಿ ನೋಡಿದರೆ ಕೆಳಸಾಲಿನ ಒಂದು ಕಡ್ಡಿ ಜಾರಿ, ಅದರ ಸೊಪ್ಪಿನ ಗೊಂಚಲು ಕೊಳವೆಗೆ ಒಂದು ಗೇಣು ಮೇಲೆ ತೂಗಾಡುತ್ತಿತ್ತು. ತುದಿಯಲ್ಲಿ ಸಣ್ಣಗೆ ಹೊಗೆ. ಅಂಥ ಹೊತ್ತಿನಲ್ಲಿ ಬಾಗಿಲು ತೆಗೆಯಬಾರದು, ಗಾಳಿ ನುಗ್ಗಿದರೆ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ನಾನೂ ಪುಟ್ಟಮ್ಮನವರೂ ಸೊಪ್ಪು ಕಟ್ಟುವುದನ್ನು ಬಿಟ್ಟು ಓಡಿದೆವು. ಉರಿಯುವ ಕೊರಡುಗಳನ್ನು ಒಲೆಯಿಂದ ಎಳೆದು ಹಾಕಿ ನೀರು ಹುಯ್ದೆವು. ಗಾಳಿಕಿಂಡಿಗಳಿಗೆಲ್ಲ ಒದ್ದೆ ಗೋಣಿ ತುರುಕಿದೆವು. ಮಿಕ್ಕ ಹೆಂಗಸರು ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದರು. ನಾನು "ಕರ್ತನೇ, ಕರ್ತನೇ" ಎನ್ನುತ್ತಿದ್ದೆ, ಪುಟ್ಟಮ್ಮನವರು ಅವರ ಮಾದಪ್ಪನನ್ನು ಕರೆಯುತ್ತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಕೊಳವೆಯ ಕೆಂಪು ಕಡಿಮೆಯಾಯಿತು, ಹೊಗೆ ನಿಂತಿತು. ಗೊಂಚಲು ಹಾಗೇ ಬಾಡಿಕೊಂಡು ತೂಗುತ್ತಿತ್ತು.

ಇಲ್ಲಿಯವರೆಗೆ ನಾನು ಯಾರಿಗೆ ಬೇಕಾದರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಮುಂದಿನದು ಕಷ್ಟ. ಪುಟ್ಟಮ್ಮನವರ ಮನೆಯ ಗಡಿಯಾರದಲ್ಲಿ ಆಗ ಎರಡಕ್ಕೆ ಹತ್ತು ನಿಮಿಷ ಇತ್ತು. ಚರ್ಚಿಗೆ ಅಲ್ಲಿಂದ ಹತ್ತೇ ನಿಮಿಷದ ದಾರಿ.

"ನೀನು ಪ್ರಾರ್ಥ್ನೆಗೆ ಓಗ್ಬೇಕು ಅಂದಿದ್ದಲ್ಲವ್ವ, ಓಗು. ಇನ್ನೇನಿಲ್ಲ, ನಾ ನೋಡ್ಕತೀನಿ" ಎಂದು ಪುಟ್ಟಮ್ಮನವರೇ ಹೇಳಿದರು.

"ಇನ್ನೊಂದ್ಗಳಿಗೆ ನೋಡಿ ಓಗ್ತೀನಿ ಬುಡಿ" ಎಂದೆ.

ಅವರು ಟೀ ಕೊಟ್ಟರು. ಸೌದೆಯ ರಾಶಿಯ ಮೇಲೆ ಕೂತು ಕುಡಿದೆ. ಸುಸ್ತಾಗಿದ್ದುದು ನಿಜ. ಆದರೆ ಎದ್ದು ಹೋಗಲಾರದಷ್ಟು ಸುಸ್ತಲ್ಲ. ಅತ್ತೆ ನೀರು ಕೇಳಿದಾಗ ನಾನಿರಲಿಲ್ಲ ಎಂದು ಊರಿಗೆಲ್ಲ ಸಾರಿದವಳಿಗೆ ಈಗ ನಾನು ಬೇಕೇ, ಬೆಂಕಿಯ ನೆಪ ಇರುವಾಗ ಯಾರು ತಾನೇ ಕೇಳುತ್ತಾರೆ ಎಂದುಕೊಂಡೆ. ಇನ್ನೂ ಒಂದು ಲೆಕ್ಕ ಹಾಕಿದೆ, ನಮ್ಮ ಸಭೆಯವರಿಗೆ ಮಾತ್ರ ಹೊಳೆಯುವಂಥದ್ದು. ನಾನು ಹೋಗಿ ಭುಜ ಮುಟ್ಟುವ ತನಕ ರೂತಮ್ಮಜ್ಜಿ ಏಳುವಂತಿಲ್ಲವಲ್ಲ! ಅಜ್ಜಿ ಹೇಗೂ ಕೂತಿರುತ್ತಾಳೆ, ಮೂರಕ್ಕೆ ಮೇಷ್ಟ್ರು ಬರುತ್ತಾರೆ, ಸರಪಳಿ ಕಡಿಯುವುದಿಲ್ಲ, ಪ್ರಾರ್ಥನೆಗೂ ಲೋಪವಿಲ್ಲ. ಎಂಬತ್ತು ದಾಟಿದ ಮುದುಕಿಯ ಮಂಡಿಯ ಮೇಲೆ ನನ್ನ ಪಾಲನ್ನು ಹೊರಿಸಿ, ಎರಡನೇ ಲೋಟ ಟೀ ಕುಡಿದೆ. ಆಮೇಲೆ ಮತ್ತೆ ಸೊಪ್ಪು ಕಟ್ಟಲು ಕೂತೆ. ಮೂರು ಹೊಡೆದದ್ದು ಕೇಳಿಸಿತು. ಇನ್ನು ಹೋಗಿ ಪ್ರಯೋಜನವಿಲ್ಲ ಎಂದು ಒಂದು ತರಹ ಹಗುರವಾಯಿತು.

ನಾಲ್ಕೂವರೆಗೆ ಕೆಲಸ ಬಿಟ್ಟು ಬರುವಾಗ ರೂತಮ್ಮಜ್ಜಿಯ ಮನೆಯ ಮುಂದೆ ಹಾಯಬೇಕು. ಅಜ್ಜಿಗೆ ಏನು ಹೇಳುವುದು, ಬೆಂಕಿಯ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದೆ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

"ಒಳ್ಳೆ ಒತ್ಗೆ ಬಂದ್ಬುಟ್ಟೆ ಕಣವ್ವ. ಇನ್ನೊಂದ್ ಗಳಿಗೆ ತಡವಾಗಿದ್ರೆ ನನ್ ಮಂಡಿ ಅಲ್ಲೇ ಇಡ್ಕಬುಡ್ತಿತ್ತು. ಎಲ್ಡು ಒಡೀತಿದ್ದಂಗೆ ಬಂದು ಕೈ ಇಟ್ಟೆ ನೋಡು, ಜೀವ ಬಂದಂಗಾಯ್ತು. ಮನೆಗೆ ಬಂದು ಮುದ್ದೆ ಉಂಡು ಒಂದ್ ನಿದ್ದೆನೂ ಮಾಡ್ದೆ."

ಅಜ್ಜಿ ಚುಚ್ಚಿ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ರೂತಮ್ಮಜ್ಜಿಗೆ ಅದು ಬರುವುದಿಲ್ಲ, ಬೈಯಬೇಕಾದರೆ ಮುಖಕ್ಕೇ ಬೈಯುತ್ತಾಳೆ. ಕಣ್ಣು ಮಂಜು, ವಯಸ್ಸಾಯಿತು, ಕೂತಲ್ಲೇ ತೂಕಡಿಸಿ ಕನಸು ಕಂಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಏನೂ ಹೇಳದೆ ಮನೆಗೆ ಬಂದೆ. ಬಾಗಿಲು ತೆಗೆಯುವಾಗಲೇ ಯಜಮಾನರ ಫೋನು ಬಂತು.

"ಉಳ್ಕಂಡ್ಲು ಕಣೇ. ಎಲ್ಡು ಗಂಟೆ ಮೇಲೆ ಕುಯ್ಯಕ್ಕೆ ಸುರು ಮಾಡಿದ್ದೇ, ರಕ್ತ ನಿಂತೇ ಇಲ್ವಂತೆ. ಡಾಕ್ಟ್ರು ಈಚೆಗ್ ಬಂದು, ನಮ್ ಕೈಲಾದ್ದು ಮಾಡ್ತಿದೀವಿ ಅಂದ್ಬುಟ್ರು. ಮೂರರ ಮೇಲೆ ನಿಂತದೆ. ನಿನ್ ಗಂಟೆ ಅಲ್ವಾ ಅದು? ನೀನಿದ್ದೆ ಅಂತ ಧೈರ್ಯ ಮಾಡ್ಕಂಡಿದ್ದೆ."

ನಾನು ಹ್ಞೂಂ ಎಂದೆ. ಅದು ಮೊದಲನೆಯ ಸುಳ್ಳು.

ಆ ಸಂಜೆಯ ಕೊನೆಯ ಪ್ರಾರ್ಥನೆಗೆ ಎಲ್ಲರೂ ಚರ್ಚಿನಲ್ಲಿ ಸೇರಿದ್ದೆವು. ಸಾಲೋಮನ್ ಮೇಷ್ಟ್ರು ಅಂಗಳದಲ್ಲಿ ನನ್ನನ್ನು ನಿಲ್ಲಿಸಿದರು. ನಿವೃತ್ತ ಹೆಡ್‌ಮಾಸ್ಟರು, ನನ್ನ ತಂದೆಯ ವಯಸ್ಸಿನವರು. ಸಾಕ್ಷಿ ಹೇಳುವವರ ವಿಷಯದಲ್ಲಿ ನನಗಿಂತ ಕಟು, ಕಂಡದ್ದನ್ನು ಬಿಟ್ಟು ಬೇರೆ ಮಾತಾಡದ ಮನುಷ್ಯ. "ಅಲ್ಲಮ್ಮ, ಕೆಲಸದಿಂದ ಹಾಗೇ ಓಡಿ ಬಂದಿದ್ದೆ ಅಂತ ಕಾಣುತ್ತೆ. ನಿನ್ನ ಭುಜದ ಮೇಲೆ ಕೈ ಇಟ್ಟಿದ್ದಕ್ಕೆ ನನ್ನ ಕೈಯೆಲ್ಲ ಅಂಟು. ಇಡೀ ಗಂಟೆ ಬೆರಳು ಬೆರಳು ಅಂಟಿಕೊಂಡೇ ಪ್ರಾರ್ಥನೆ ಮಾಡಿದೆ ನೋಡು" ಎಂದು ಬಿಳಿ ಕರವಸ್ತ್ರ ತೆಗೆದು ತೋರಿಸಿದರು. ಅದರ ಮೇಲೆ ಮೂರು ಬೆರಳಿನ ಕಪ್ಪು ಗುರುತು ಇತ್ತು. ಸೊಪ್ಪಿನ ಘಾಟು ನನ್ನ ಮೂಗಿಗೇ ಬಂತು.

ಹೆದರಿಕೆ ಎಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಬೆಂಕಿಯ ಹೆದರಿಕೆ ಕೈಕಾಲಿನಲ್ಲಿ ಇರುತ್ತದೆ, ಏನಾದರೂ ಮಾಡಬಹುದು. ಇದಕ್ಕೆ ಏನು ಮಾಡುವುದು? "ಮುಖ ನೋಡಿದ್ರಾ ಮೇಷ್ಟ್ರೇ?" ಎಂದು ಹೇಗೋ ಕೇಳಿದೆ. "ಸೆರಗು ಹೊದ್ದಿದ್ಯಲ್ಲ, ಮುಖ ಎಲ್ಲಿ ಕಾಣುತ್ತೆ? ಎದ್ದು ಹೊರಟೆ, ನಾನು ಕೂತೆ" ಎಂದರು. ಯಾಕೆ ಕೇಳಿದೆ ಎಂದು ಅವರು ವಾಪಸ್ ಕೇಳಲಿಲ್ಲ.

ಹಾಗಾದರೆ ಬೇರೆ ಯಾರೋ ಬಂದಿರಬೇಕು, ಇಷ್ಟೇ ತಾನೇ. ನಮ್ಮ ಸಭೆಯ ಹೆಂಗಸರಲ್ಲಿ ಸೊಪ್ಪು ಕಟ್ಟುವವರು ನನ್ನನ್ನು ಸೇರಿಸಿ ಆರು ಜನ. ಮರುದಿನದಿಂದ ಒಬ್ಬೊಬ್ಬರನ್ನೇ ಸುತ್ತಿ ಬಳಸಿ ಕೇಳಿದೆ. ಮೂವರು ಆವತ್ತು ನನ್ನ ಜೊತೆಗೇ ಬಿಂದಿಗೆ ಹಿಡಿದು ನಿಂತಿದ್ದವರು, ಹೊಗೆ ನಿಂತ ಮೇಲೆ ಒಟ್ಟಿಗೇ ದೂರದ ಹೊಲಕ್ಕೆ ಸೊಪ್ಪು ಕೀಳಲು ಹೋಗಿ ಸಂಜೆಯೇ ಬಂದವರು. ಒಬ್ಬಳು ತವರಿಗೆ ಹೋಗಿದ್ದಳು. ಇನ್ನೊಬ್ಬಳು ಪಿರಿಯಾಪಟ್ಟಣದಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸುತ್ತಿದ್ದಳು. ಆ ಹೊತ್ತಿನಲ್ಲಿ ಚರ್ಚಿಗೆ ಯಾರೂ ಹೋಗಿರಲಿಲ್ಲ. ಗೌಡರ ಕೇರಿಯ ಹೆಂಗಸು ಯಾರಾದರೂ ಹೋಗಿ ಒಂದು ಗಂಟೆ ಮಂಡಿಯೂರುವ ಮಾತೇ ಇಲ್ಲ.

ಆಮೇಲೆ ಇನ್ನೊಂದು ಭಯ ಹಿಡಿಯಿತು. ನಾನೇ ಹೋಗಿ ಬಂದು ಮರೆತಿದ್ದೇನೆಯೇ? ತಲೆ ಕೆಟ್ಟಿದೆಯೇ? ಪುಟ್ಟಮ್ಮನವರ ಹತ್ತಿರ ಹೋಗಿ, "ಮಂಗಳವಾರ ಮಧ್ಯಾಹ್ನ ನಾನು ಎಲ್ಲಿದ್ದೆ?" ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನ್ ಕೇಳ್ತಿದ್ದೀಯವ್ವ! ಈ ಸೌದೆ ಮೇಲೆ ಕೂತಿದ್ದೆ. ಎಲ್ಡು ಲೋಟ ಟೀ ನಾನೇ ಕೊಡ್ನಿಲ್ವಾ? ಓಗು ಓಗು ಅಂದ್ರೂ ಓಗ್ನಿಲ್ಲ. ಯಾಕೆ, ಮೈ ಸರಿಯಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

ಊಟ ಸೇರದಾಯಿತು. ಕೈ ತೊಳೆದು ತೊಳೆದು ಚರ್ಮ ಎದ್ದಿತು. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಗಿ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಅಲ್ಲಿಯವರೆಗೆ ನನ್ನ ಪ್ರಾರ್ಥನೆಯನ್ನು ಯಾರೂ ಕೇಳುತ್ತಿಲ್ಲವೆಂದು ನಿಶ್ಚಿಂತೆಯಾಗಿದ್ದವಳಿಗೆ, ನಾನು ಮಾಡದೆ ಬಿಟ್ಟ ಪ್ರಾರ್ಥನೆ ಕೂಡ ಯಾರಿಗೋ ಗೊತ್ತಿದೆ ಎನಿಸತೊಡಗಿತು. ಸಂತೋಷಪಡಬೇಕಾದ ವಿಷಯವೇ ಇರಬಹುದು. ನನಗೆ ಆದದ್ದು ಮಾತ್ರ ದಿಗಿಲು.

ಹದಿನೈದು ದಿನಕ್ಕೆ ಸುಗುಣ ಮನೆಗೆ ಬಂದಳು. ಎಲ್ಲರೂ ನೋಡಲು ಹೋದರು, ನಾನೂ ಗಂಜಿ ಮಾಡಿಕೊಂಡು ಹೋದೆ. ಹಾಸಿಗೆಯ ಮೇಲೆ ಸುಣ್ಣದ ಹಾಗೆ ಬಿಳಿಚಿಕೊಂಡು ಮಲಗಿದ್ದಳು. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ, "ಪ್ರಾರ್ಥ್ನೆಗೆ ಬಂದಿದ್ರಂತೆ ಅಕ್ಕ" ಎಂದಳು. ಮೇಷ್ಟ್ರು ಅಲ್ಲೇ ಕೂತಿದ್ದರು, ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಾನು ಮತ್ತೆ ಹ್ಞೂಂ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಆವತ್ತಿನಿಂದ ಎರಡು ಮನೆಯ ನಡುವೆ ಸಾರು, ಪಲ್ಯ ಓಡಾಡತೊಡಗಿದವು. ಯಜಮಾನರ ಮುಖದಲ್ಲಿ ಗೆಲುವು ಬಂತು. ಇಷ್ಟು ಒಳ್ಳೆಯದೆಲ್ಲ ನಾನು ಮಾಡದ ಒಂದು ಕೆಲಸದ ಮೇಲೆ ನಿಂತಿದೆಯಲ್ಲ, ಬಾಯಿ ಬಿಟ್ಟರೆ ಮತ್ತೆ ಎಲ್ಲ ಮುರಿಯುತ್ತದೆ, ಬಿಡದಿದ್ದರೆ ಅವಳು ಕೊಡುವ ಒಂದೊಂದು ತುತ್ತೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಎರಡು ತಿಂಗಳು ಹೀಗೇ ಕಳೆದೆ. ಎಲ್ಲಿ ಮೇಷ್ಟ್ರು ಪುಟ್ಟಮ್ಮನವರನ್ನು ಭೇಟಿಯಾಗಿ ಆವತ್ತಿನ ಮಾತು ಎತ್ತುತ್ತಾರೋ ಎಂದು ದಿನಾ ನಡುಕ.

ಕಡೆಗೆ ತಡೆಯಲಾರದೆ ಅಯ್ಯನವರಿಗೆ ಹೇಳಿದೆ. ದೇವದೂತ ಎನ್ನುತ್ತಾರೆ, ಒಪ್ಪಿಕೊಂಡದ್ದಕ್ಕೆ ನನ್ನನ್ನು ಹೊಗಳುತ್ತಾರೆ ಎಂದು ಕಾದಿದ್ದೆ. "ಅದು ಯಾರು ಅಂತ ನನಗೆ ಗೊತ್ತಿಲ್ಲಮ್ಮ. ನೀನಲ್ಲ ಅನ್ನೋದು ನಿನಗೆ ಗೊತ್ತಲ್ಲ, ಅಷ್ಟನ್ನು ಸಭೆಗೆ ಹೇಳು" ಎಂದರು.

ಹೀಗೆ, ಸಾಕ್ಷಿ ಹೇಳುವವರನ್ನು ಕಂಡು ನಗುತ್ತಿದ್ದ ನಾನು ಒಂದು ಭಾನುವಾರ ಎದ್ದು ನಿಂತೆ. ಟೀ ಕುಡಿದದ್ದು, ಹಗೆ ಸಾಧಿಸಿದ್ದು, ಅಜ್ಜಿಯ ಮಂಡಿಯ ಮೇಲೆ ಭಾರ ಹೊರಿಸಿದ್ದು, ಎರಡು ಸಲ ಹ್ಞೂಂ ಎಂದದ್ದು ಒಂದನ್ನೂ ಬಿಡಲಿಲ್ಲ. ಹೇಗೋ ಹೇಳಿ ಮುಗಿಸಿದೆ. ಏನಾಯಿತು ಗೊತ್ತೇ? ಒಬ್ಬರೂ ನಂಬಲಿಲ್ಲ. ಎಂಥ ವಿನಯ, ಮಾಡಿದ್ದನ್ನೂ ಮಾಡಿಲ್ಲ ಎನ್ನುತ್ತಾಳಲ್ಲ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ರೂತಮ್ಮಜ್ಜಿ ಕೂತಲ್ಲಿಂದಲೇ, "ಸುಮ್ನಿರವ್ವ, ನನ್ ಭುಜ ಮುಟ್ದೋಳು ನೀನೇ ಕಣ. ನಿನ್ ಕೈ ನಂಗ್ ಗೊತ್ತಿಲ್ವಾ?" ಎಂದಳು. ಮೇಷ್ಟ್ರು ಮಾತ್ರ ತಮ್ಮ ಅಂಗೈ ನೋಡಿಕೊಂಡರು.

ಆರಾಧನೆ ಮುಗಿದು ಎಲ್ಲರೂ ಹೋದ ಮೇಲೂ ಸುಗುಣ ಎಡಗಡೆಯ ಸಾಲಿನಲ್ಲಿ ಕೂತೇ ಇದ್ದಳು. ಬೈಯಲಿ, ಹೊಡೆಯಲಿ ಎಂದುಕೊಂಡು ಹೋಗಿ ಅವಳ ಪಕ್ಕ ಕೂತೆ.

"ನಾನು ನಂಬ್ತೀನಿ ಅಕ್ಕ" ಎಂದಳು. "ನೀವು ಬರಾಕಿಲ್ಲ ಅಂತ ನಂಗೆ ಪಟ್ಟಿ ಓದ್ದಾಗ್ಲೇ ಗೊತ್ತಿತ್ತು. ಆಪ್ರೇಷನ್ ರೂಮ್‌ಗೆ ತಳ್ಕಂಡು ಓಗೋವಾಗ ಗೋಡೆ ಮೇಲೆ ಗಡಿಯಾರ ಕಾಣ್ತು. ಎಲ್ಡಕ್ಕೆ ಐದು ನಿಮಿಷ ಇತ್ತು. ಈಗ ಅಕ್ಕನ್ ಸರದಿ, ಚಾಪೆ ಮೇಲೆ ಯಾರೂ ಇರಾಕಿಲ್ಲ, ಈ ಗಂಟೆ ದಾಟಿದ್ರೆ ಬದುಕ್ತೀನಿ ಅಂದ್ಕಂಡೇ ಕಣ್ಮುಚ್ದೆ."

ಸಾಯುತ್ತೇನೋ ಬದುಕುತ್ತೇನೋ ಎಂದು ಮಲಗಿದವಳು ನನ್ನನ್ನು ಅಷ್ಟು ಸರಿಯಾಗಿ ಅಳೆದಿದ್ದಳು. ನಾನು ಆ ಅಳತೆಗೆ ಒಂದು ಕೂದಲೂ ಹೆಚ್ಚುಕಮ್ಮಿಯಾಗದಂತೆ ನಡೆದುಕೊಂಡಿದ್ದೆ.

"ಆಮೇಲೆ ನೀವು ಬಂದಿದ್ರಿ ಅಂತ ಎಲ್ರೂ ಅಂದ್ರು. ನಂಬಿಕೆ ಬರ್ನಿಲ್ಲ. ನಂಬ್ಬೇಕು ಅಂತ ಆಸೆ ಆಯ್ತು, ಅದ್ಕೇ ಕೇಳ್ದೆ. ನೀವು ಹ್ಞೂಂ ಅಂದ್ರಿ." ದನಿ ತಗ್ಗಿಸಿ ಕೇಳಿದಳು: "ಅಂಗಾದ್ರೆ ಅದು ಯಾರಕ್ಕ?"

ಇಬ್ಬರೂ ಖಾಲಿ ಚಾಪೆಯ ಕಡೆ ನೋಡಿದೆವು. ಹಗಲು ಹನ್ನೆರಡು ಗಂಟೆ, ಹೊರಗೆ ಮಕ್ಕಳು ಕಿರುಚುತ್ತಿದ್ದರು. ಆದರೂ ಅವಳು ನನ್ನ ಹತ್ತಿರಕ್ಕೆ ಸರಿದಳು. ಸೊಪ್ಪಿನ ಘಾಟು ಆಗದವಳು ನನ್ನ ತೋಳಿಗೆ ಒತ್ತಿಕೊಂಡು ಕೂತಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದು ಯಾರೆಂದು ಹುಡುಕುವುದನ್ನು ಬಿಟ್ಟಿದ್ದೇನೆ. ಅಜ್ಜಿ ಈಗಿಲ್ಲ. ಮೇಷ್ಟ್ರ ಕರವಸ್ತ್ರದ ಕಲೆ ಹೋಗಿಲ್ಲವಂತೆ, ಅದನ್ನು ಬಳಸುವುದನ್ನು ಬಿಟ್ಟಿದ್ದಾರೆ. ನಾನು ಮಾತ್ರ ಪ್ರಾರ್ಥನೆ ಬಿಟ್ಟಿಲ್ಲ. ಮಗಳಿಗೆ ಜ್ವರ ಬಂದಾಗ, ಯಜಮಾನರ ಕಣ್ಣು ಬೆಂಕಿಯ ಝಳಕ್ಕೆ ಮಬ್ಬಾದಾಗ, ಸೊಪ್ಪು ಕೆಟ್ಟು ಕೆಲಸವಿಲ್ಲದ ದಿನಗಳಲ್ಲಿ ಕೂತು ಮಾತಾಡುತ್ತೇನೆ. ಕೇಳಿದ್ದೆಲ್ಲ ಸಿಕ್ಕಿಲ್ಲ. ಯಜಮಾನರ ಕಣ್ಣು ಸರಿಹೋಗಲೇ ಇಲ್ಲ. ಆದರೆ ನನ್ನ ಪಾಲಿನ ಜಾಗ ಖಾಲಿ ಇದ್ದಾಗ ಅಲ್ಲಿ ಯಾರೋ ಬಂದು ಕೂರುತ್ತಾರೆ ಎಂದು ತಿಳಿದ ಮೇಲೆ, ಆ ಜಾಗವನ್ನು ಖಾಲಿ ಬಿಡಲು ನನಗೆ ಧೈರ್ಯವಿಲ್ಲ. ಇದನ್ನು ನಂಬಿಕೆ ಎನ್ನಬೇಕೋ ಹೆದರಿಕೆ ಎನ್ನಬೇಕೋ ನೀವೇ ಹೇಳಿ.

ಸರಪಳಿ ಪ್ರಾರ್ಥನೆ ಬಂದರೆ ಎರಡು ಗಂಟೆಯ ಸರದಿ ಈಗ ನನ್ನದೇ. ಬ್ಯಾರನ್ನಿನಲ್ಲಿ ಏನೇ ಆಗುತ್ತಿರಲಿ, ಎರಡು ಹೊಡೆಯುವ ಮುಂಚೆ ಚರ್ಚಿನ ಮೆಟ್ಟಿಲಲ್ಲಿ ಇರುತ್ತೇನೆ. ಒಂದರಿಂದ ಎರಡರ ಸರದಿಯನ್ನು ಸುಗುಣ ಕೇಳಿ ಹಾಕಿಸಿಕೊಂಡಿದ್ದಾಳೆ. ಹೋಗಿ, ಗೋಡೆಗೆ ಮುಖ ಮಾಡಿ ಕೂತಿರುವ ಅವಳ ಭುಜದ ಮೇಲೆ ಕೈ ಇಡುತ್ತೇನೆ. ತಿರುಗಿ ನೋಡಬಾರದೆಂಬ ನಿಯಮ ಈಗಲೂ ಇದೆ. ಆದರೆ ಸುಗುಣ ಸೆರಗು ಸರಿಸಿ, ತಿರುಗಿ, ನನ್ನ ಮುಖವನ್ನು ಚೆನ್ನಾಗಿ ನೋಡಿ, ನಾನೇ ಎಂದು ಗಟ್ಟಿಯಾದ ಮೇಲೆಯೇ ಏಳುತ್ತಾಳೆ.